ನಲವತ್ತಮೂರು ನಂಬರಿನ ಬೂಟು

ಫಾರಮ್ಮಿನಲ್ಲಿ ನಲವತ್ತೊಂದು ಪ್ರಶ್ನೆ.
ಮೊದಲನೆಯದಕ್ಕೇ ವಾ ಹಸ್ನಿ ನಕ್ಕಳು.
ಮನೆಯ ಎತ್ತರ?
‘ಇಳಿತದಲ್ಲಿ ಹನ್ನೊಂದು ಮೆಟ್ಟಿಲು,
ಉಬ್ಬರದಲ್ಲಿ ಎರಡು. ಯಾವುದು ಬೇಕೋ ಬರಕೊ.’

ಸುಲವೇಸಿಯ ಆಗ್ನೇಯದ ಅಂಚು.
ಮೊಣಕಾಲವರೆಗೆ ಬಟ್ಟೆ ಎತ್ತಿ
ಕಡಲಲ್ಲಿ ನಿಂತ ಹಾಗೆ ಮನೆಗಳು.
ನೀರಿಗೆ ಮಾತ್ರ ನೀರಿನ ಬಣ್ಣವಿಲ್ಲ;
ಹಿಂದಿನ ಗುಡ್ಡದ ತಲೆ ಬೋಳಿಸಿದಾಗಿನಿಂದ
ಮಳೆ ಬಂದು ಮೂರು ದಿನವಾದರೂ
ಇಟ್ಟಿಗೆ ಅರೆದ ಕೆಂಪು.

ನಾನು ತೆನ್ರಿ, ಕೆಂದಾರಿಯಿಂದ ಬಂದವಳು,
ಮನೆಗಿಷ್ಟು ಅಂತ ಭತ್ಯೆ.
ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಒಂದು ಜೀವ ಬದುಕಲು ಎಷ್ಟು ನೆಲ, ಎಷ್ಟು ಕಡಲು,
ಅದರ ಹೊಗೆ ಕುಡಿಯಲು ಎಷ್ಟು ಕಾಡು,
ಎಲ್ಲ ಕೂಡಿಸಿದರೆ ಹೆಜ್ಜೆಗುರುತು.
ಪರದೆಯ ಮೇಲೆ ಗೆರೆ ಏರುತ್ತಿತ್ತು.
ಸಂಬಳ ಏರಿದರೆ ಏರುತ್ತದೆ, ಪೇಟೆ ಬೆಳೆದರೆ,
ಸಾಲ ಸಲೀಸಾದರೆ, ಕಲ್ಲಿದ್ದಲು ಅಗ್ಗವಾದರೆ.
ಎಲ್ಲೋ ಒಂದು ಕಡೆ, ಸಾಕಷ್ಟು ಸಿರಿವಂತರಾದ ಮೇಲೆ,
ತಾನಾಗಿಯೇ ಬಾಗಿ ಇಳಿಯುತ್ತದಂತೆ ಗೆರೆ.
ಬಾಗುವ ಆ ಜಾಗ ಎಲ್ಲಿ ಅಂತ ಯಾರೋ ಕೇಳಿದರು.
ಊಟದ ಹೊತ್ತಾಗಿತ್ತು.

ಬೈಕು? ಒಂದು. ಹದಿನಾಲ್ಕು ಕಂತು ಬಾಕಿ.
ಒಲೆ? ಹಸಿರು ಪುಟ್ಟ ಸಿಲಿಂಡರು; ಸಿಗದ ವಾರ ಕಾಂಡ್ಲಾ ಕಟ್ಟಿಗೆ.
ಅನ್ನವೋ, ಸಾಗುವೋ?
‘ಮುಂಚೆ ಸಾಗು. ಆ ಜೌಗಿನಲ್ಲಿ ಈಗ
ಕಂಪನಿ ಹುಡುಗರ ವಸತಿ.
ಅಕ್ಕಿ ಎಲ್ಲಿಯದೋ, ಅಂಗಡಿಯವನಿಗೇ ಗೊತ್ತಿಲ್ಲ.’
ಮೀನು?
‘ಡಬ್ಬಿಯದು’ ಎಂದವಳು
ಕಿಟಕಿಯಾಚೆ ನೋಡಿದಳು, ಕಡಲಿನ ಕಡೆಗಲ್ಲ.

ಫ್ರಿಜ್ಜು?
ಗೀಟು ಹಾಕುವಷ್ಟರಲ್ಲಿ ತೆರೆದೇ ತೋರಿಸಿದಳು.
ಅತ್ತೆಯ ಇನ್ಸುಲಿನ್, ಪಕ್ಕದ ಮನೆ ಅತ್ತೆಯ ಇನ್ಸುಲಿನ್,
ಕಿರಿಯವನು ಸ್ಕೂಲ ಮುಂದೆ ಮಾರುವ ಕೆಂಪು ಐಸ್ ಕಡ್ಡಿ,
ಮಡಿಸಿಟ್ಟ ಒದ್ದೆ ಟವೆಲ್ಲು.
‘ಕುಲುಮೆಯಿಂದ ಬಂದವರು ಇದನ್ನು ಕುತ್ತಿಗೆಗೆ ಹಾಕ್ಕೊಂಡು
ಅರ್ಧ ಗಂಟೆ ಮಾತೇ ಆಡಲ್ಲ.’
ಇಷ್ಟಕ್ಕೂ ಒಂದೇ ಚೌಕ.

ಬಾಗಿಲಲ್ಲಿ ಅವನ ಬೂಟು. ಒಳಗೆ
ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಲಾ ಬಹಾರು.
‘ನಲವತ್ತಮೂರು ನಂಬರು. ಅವರ ಕಾಲು ಮೂವತ್ತೊಂಬತ್ತು.
ಬೇರೆ ಸೈಜಿಲ್ಲ ಅಂದರು ಸ್ಟೋರಿನವರು.
ಮುಂದಕ್ಕೆ ಮಗುವಿನ ಹಳೇ ಅಂಗಿ ತುರುಕಿದೀವಿ.’
ಹಲಗೆದಾರಿ ಮುಗಿಯುವಲ್ಲಿ, ಕೆಸರಿನಲ್ಲಿ,
ಬೆಳಗಿನ ಜಾವದ ಹೆಜ್ಜೆಗಳು:
ಅವನಿಗಿಂತ ಭಾರಿ ಆಳೊಬ್ಬ
ಮನೆಗೆ ಬಂದು ಹೋಗದೆ ಉಳಿದ ಹಾಗೆ.

ದೂರದಲ್ಲಿ ಹಡಗು ಲಂಗರೆತ್ತುತ್ತಿತ್ತು.
‘ಅದು ಎಲ್ಲಿಗೆ?’ ಗೊತ್ತಿದ್ದೇ ಕೇಳಿದಳು.
ಬ್ಯಾಟರಿಗೆ, ಎಂದೆ. ಹೊಗೆಯಿಲ್ಲದ ಕಾರುಗಳಿಗೆ.
‘ಹೊಗೆಯಿಲ್ಲದ!’
ಹಗ್ಗದಿಂದ ಅಂಗಿ ಎಳೆದು ಕೊಡವಿದಳು,
ಬೂದಿ ನನ್ನ ಫಾರಮ್ಮಿನ ಮೇಲೆ ಬಿತ್ತು.
‘ಇದನ್ನು ಯಾವ ಕಾಲಮ್ಮಿನಲ್ಲಿ ಬರೀತಿ?’
‘ಇತರೆ’ ಎಂದೊಂದಿತ್ತು. ಎರಡು ಗೆರೆಯ ಜಾಗ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವವರು
ಇವರ ಹಾಸಿಗೆಯ ಮೇಲೆಯೇ
ಮಲಗಿ ಹಾಗೆನ್ನುತ್ತಿದ್ದಾರೆಯೇ?
ನಾನು ಕೇಳಲಿಲ್ಲ. ಕೇಳುವುದೇ ನನ್ನ ಕೆಲಸ,
ಅಚ್ಚಾದದ್ದನ್ನು ಮಾತ್ರ.

‘ಕಾರ್ಖಾನೆ ಬೇಡ ಅಂದಳು ಅಂತ ಬರೆದುಬಿಟ್ಟೀಯ ಮತ್ತೆ,’
ಬೆರಳೆತ್ತಿದಳು ವಾ ಹಸ್ನಿ.
‘ದೊಡ್ಡವಳ ನರ್ಸಿಂಗ್ ಫೀಸು
ಆ ಚಿಮಣಿಯಿಂದಲೇ ಇಳಿದು ಬರೋದು.’
ಬೂದಿ ಒರೆಸಲು ಹೋಗಿ
ಎಂಟನೆಯ ಉತ್ತರ ಮಸುಕಾಯಿತು.

ನಲವತ್ತೊಂದನೆಯ ಪ್ರಶ್ನೆ:
ಮುಂದಿನ ಐದು ವರ್ಷಗಳಲ್ಲಿ ಏನು ಕೊಳ್ಳುವಿರಿ?
ಅವಳು ಯೋಚಿಸುತ್ತಿದ್ದಳು.
‘ಏಸಿ!’
ಒಳಗಿನಿಂದ ಅತ್ತೆ, ಇಷ್ಟು ಹೊತ್ತು
ಕಿವಿ ಕೇಳದೆ ಇದ್ದವರು.

ಇಳಿದು ಬರುವಾಗ ಕೊನೆಯ ಹಲಗೆ ಜಾರಿ
ನನ್ನ ಕಾಲು ಅವನ ಹೆಜ್ಜೆಯೊಳಗೇ ಬಿತ್ತು.
ಸುತ್ತ ಮೂರು ಬೆರಳು ಜಾಗ ಮಿಕ್ಕಿತು.
ಅಲ್ಲಿಗೆ ಆಗಲೇ ನೀರು ಬರುತ್ತಿತ್ತು,
ಕೆಂಪಗೆ, ಬೆಚ್ಚಗೆ.